ಕೇಪ್‌ಟೌನ್‌ನಲ್ಲಿ ಟ್ರಕ್ಕು ಒಪ್ಪಿಸಿದ ದಿನ

ನೈರೋಬಿಯಿಂದ ಹೊರಟು ತಾಂಜಾನಿಯಾ, ಮಲಾವಿ, ಜಾಂಬಿಯಾ, ಬೋಟ್ಸ್ವಾನಾ, ನಮೀಬಿಯಾಗಳನ್ನು ದಾಟಿ ಕೇಪ್‌ಟೌನ್ ಮುಟ್ಟುವ ನಮ್ಮ ಟ್ರಕ್ ಪ್ರವಾಸದ ಕಾರ್ಯಕ್ರಮ ಪಟ್ಟಿಯಲ್ಲಿ ಕೊನೆಯ ದಿನಕ್ಕೆ ಇದ್ದದ್ದು ಒಂದೇ ಸಾಲು: ಕೇಪ್‌ಟೌನ್ ತಲುಪುವುದು, ಪ್ರವಾಸ ಮುಕ್ತಾಯ. ಸೆರೆಂಗೆಟಿಗೂ ವಿಕ್ಟೋರಿಯಾ ಜಲಪಾತಕ್ಕೂ ಪುಟಗಟ್ಟಲೆ ವಿವರ ಕೊಟ್ಟಿದ್ದ ಆ ಪಟ್ಟಿ ನಂಬಿಸುವಂತೆ ಅದು ಸುಮ್ಮನೆ ಕಳೆದುಹೋಗುವ ದಿನವಾಗಿರಲಿಲ್ಲ. ಬೆಳಗಿನ ಜಾವದಿಂದ ರಾತ್ರಿಯವರೆಗೆ ಅಂದು ನಾವು ಮಾಡಿದಷ್ಟು ಕೆಲಸವನ್ನು ದಾರಿಯುದ್ದಕ್ಕೂ ಬೇರೆ ಯಾವ ದಿನವೂ ಮಾಡಿರಲಿಲ್ಲ. ಇಂಥ ಪ್ರವಾಸಕ್ಕೆ ಹೊರಡಬೇಕೆಂದಿರುವ ಪರಿಚಿತರು ವೀಸಾದ ಬಗ್ಗೆ, ಖರ್ಚಿನ ಬಗ್ಗೆ, ಸಿಂಹಗಳ ಬಗ್ಗೆ ವಿಚಾರಿಸುತ್ತಾರೆ. ಮುಗಿಸುವುದು ಹೇಗೆಂದು ಯಾರೂ ಕೇಳುವುದಿಲ್ಲ. ನನಗಂತೂ ಆ ದಿನವೇ ಇಡೀ ಪ್ರವಾಸದಲ್ಲಿ ಅತ್ಯಂತ ಮುಖ್ಯವಾದುದೆಂದು ಅನ್ನಿಸಿರುವುದರಿಂದ ಅದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಈ ಬಗೆಯ ಪ್ರವಾಸವನ್ನು ನಮ್ಮ ಕಡೆಯ ಬಸ್ ಯಾತ್ರೆಯಂತೆ ಭಾವಿಸಬಾರದು. ಲಾರಿಯ ಚಾಸಿಯ ಮೇಲೆ ಇಪ್ಪತ್ತು ಚಿಲ್ಲರೆ ಆಸನಗಳಿರುವ ದೊಡ್ಡ ಕೋಣೆಯನ್ನು ಕಟ್ಟಿ, ಅದರ ಎರಡೂ ಪಕ್ಕೆಗಳಲ್ಲಿ ಡೇರೆ, ಗ್ಯಾಸ್ ಒಲೆ, ಪಾತ್ರೆ, ಮಡಚುವ ಕುರ್ಚಿ, ನೀರಿನ ಟ್ಯಾಂಕು ಇವುಗಳಿಗೆಲ್ಲ ಬಾಗಿಲುಳ್ಳ ಗೂಡುಗಳನ್ನು ಮಾಡಿರುತ್ತಾರೆ. ಚಾಲಕರು, ಮಾರ್ಗದರ್ಶಕರು ಮತ್ತು ಅಡುಗೆಯವರು ಎಂದು ಮೂವರು ಸಿಬ್ಬಂದಿ ಇರುತ್ತಾರೆ. ಉಳಿದ ಕೆಲಸವೆಲ್ಲ ಪ್ರಯಾಣಿಕರದೇ. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಟ್ರಕ್ಕಿನ ಒಳಗೆ ಗುಡಿಸುವುದು, ಸಾಮಾನು ಏರಿಸಿ ಇಳಿಸುವುದು ಎಲ್ಲಕ್ಕೂ ಪಾಳಿ ಹಾಕಲಾಗುತ್ತದೆ. ತೊಳೆದ ತಟ್ಟೆಯನ್ನು ಬಟ್ಟೆಯಿಂದ ಒರೆಸುವಂತಿಲ್ಲ. ಒದ್ದೆ ಬಟ್ಟೆಯಿಂದ ಒಬ್ಬರ ಹೊಟ್ಟೆಯ ಕಾಯಿಲೆ ಗುಂಪಿಗೆಲ್ಲ ಹರಡುತ್ತದೆಂದು, ಎರಡು ಕೈಗಳಲ್ಲಿ ಒಂದೊಂದು ತಟ್ಟೆ ಹಿಡಿದು ಗಾಳಿಯಲ್ಲಿ ಬೀಸಿಯೇ ಒಣಗಿಸಬೇಕು. ಹೀಗೆ ವಾರಗಟ್ಟಲೆ ಬದುಕಿದ ಮೇಲೆ ಅದು ವಾಹನವಾಗಿ ಉಳಿಯದೆ ಇಪ್ಪತ್ತು ಜನರ ಒಕ್ಕಲಾಗಿರುತ್ತದೆ. ಕೊನೆಯ ದಿನದ ಕೆಲಸವೆಂದರೆ ಆ ಒಕ್ಕಲನ್ನು ಕಳಚಿ, ಲೆಕ್ಕ ಒಪ್ಪಿಸಿ, ಮುಂದಿನವರು ಬಂದು ಕೂರುವಂತೆ ಮಾಡಿಕೊಡುವುದು.

ಕೊನೆಯ ರಾತ್ರಿಯ ಬಿಡಾರ ದಕ್ಷಿಣ ಆಫ್ರಿಕಾದ ಸಿಟ್ರಸ್‌ಡಾಲ್ ಊರಿನ ಬಳಿ, ಓಲಿಫಾಂಟ್ಸ್ ನದಿಯ ಕಣಿವೆಯಲ್ಲಿತ್ತು. ಪೂರ್ವಕ್ಕೆ ಸೀಡರ್‌ಬರ್ಗ್ ಬೆಟ್ಟಸಾಲು, ಕೆಳಗೆ ಕಿತ್ತಳೆ ತೋಟಗಳು. ಸೆಪ್ಟೆಂಬರ್ ಕೊನೆಯಾದ್ದರಿಂದ ಅಲ್ಲಿಗೆ ವಸಂತ. ರಾತ್ರಿ ಚಳಿ, ಬೆಳಿಗ್ಗೆ ದಟ್ಟ ಇಬ್ಬನಿ. ಈ ಇಬ್ಬನಿಯೇ ಅಂದಿನ ಮೊದಲ ಸಮಸ್ಯೆಯಾಯಿತು. ಬೇರೆ ದಿನಗಳಲ್ಲಿ ಡೇರೆ ಸ್ವಲ್ಪ ಒದ್ದೆಯಿದ್ದರೂ ಸುತ್ತಿ ಒಳಗೆ ತುರುಕಬಹುದಿತ್ತು, ಏಕೆಂದರೆ ಸಂಜೆಗೆ ಮತ್ತೆ ಬಿಚ್ಚುತ್ತಿದ್ದೆವು. ಅಂದು ಸುತ್ತಿದ ಡೇರೆಯನ್ನು ಮುಂದಿನ ಗುಂಪು ಬಿಚ್ಚುವುದು ಕೆಲವು ದಿನಗಳ ನಂತರ. ಅಷ್ಟರಲ್ಲಿ ದಪ್ಪ ಕ್ಯಾನ್ವಾಸಿಗೆ ಬೂಷ್ಟು ಹಿಡಿದರೆ ಆ ವಾಸನೆ ಅದರ ಆಯುಷ್ಯವಿಡೀ ಹೋಗುವುದಿಲ್ಲ. ಹಾಗಾಗಿ ಎಲ್ಲ ಡೇರೆಗಳನ್ನೂ ಗೂಟ ಕಿತ್ತು, ತಲೆಕೆಳಗು ಮಾಡಿ, ತಳವನ್ನು ಸೂರ್ಯನಿಗೆ ಒಡ್ಡಿ ನಿಲ್ಲಿಸಿದೆವು. ಬಿಸಿಲು ಬೆಟ್ಟ ದಾಟಿ ಕಣಿವೆಗೆ ಇಳಿಯುವವರೆಗೆ ಕಾಯುವುದರ ಹೊರತು ದಾರಿಯಿರಲಿಲ್ಲ.

ಕಾಯುವ ಹೊತ್ತಿನಲ್ಲಿ ಗೂಟಗಳ ಎಣಿಕೆ ನಡೆಯಿತು. ಪ್ರತಿಯೊಂದು ಡೇರೆಯ ಚೀಲದಲ್ಲಿ ಎಷ್ಟು ಗೂಟ, ಎಷ್ಟು ಕಂಬಿ, ಹೊಲಿಗೆ ಎಲ್ಲಿ ಬಿಟ್ಟಿದೆ, ಯಾವ ಜಿಪ್ಪು ಅರ್ಧದಲ್ಲಿ ನಿಲ್ಲುತ್ತದೆ ಎಂಬುದನ್ನು ಮಾರ್ಗದರ್ಶಕರು ಒಂದು ಪುಸ್ತಕದಲ್ಲಿ ಬರೆದುಕೊಂಡರು. ನಮೀಬಿಯಾದ ಸೆಸ್ರಿಯಂನ ಗಾಳಿಗೆ ಬಾಗಿದ ಕಂಬಿಯೊಂದನ್ನು ನಾವು ಟೇಪು ಸುತ್ತಿ ಸುಮ್ಮನಿದ್ದೆವು. ಅದನ್ನು ತೋರಿಸಿದಾಗ ಅವರು, ‘ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ಮುಂದಿನವರು ಮಳೆಯಲ್ಲಿ ಕಂಡುಹಿಡಿಯಬೇಕಾಗುತ್ತಿತ್ತು’ ಎಂದರು. ಬಿಟ್ಟುಹೋಗುವ ವಸ್ತುವಿನ ಕುಂದನ್ನು ಮುಚ್ಚಿಡದೆ ಹೇಳುವುದು ಎಷ್ಟು ದೊಡ್ಡ ಉಪಕಾರವೆಂದು ಆ ಪುಸ್ತಕದ ಹಳೆಯ ಪುಟಗಳನ್ನು ನೋಡಿದಾಗ ಅರ್ಥವಾಯಿತು. ನೈರೋಬಿಯಲ್ಲಿ ನಮ್ಮ ಕೈಸೇರಿದ ಡೇರೆಯ ಸೋರುವ ಮೂಲೆಯನ್ನು ಹಿಂದಿನ ಗುಂಪಿನ ಯಾರೋ ಅಲ್ಲಿ ಬರೆಸಿದ್ದರು. ಅದಕ್ಕೇ ಆ ಮೂಲೆಗೆ ನಮಗೆ ಹೊಸ ತೇಪೆ ಸಿಕ್ಕಿತ್ತು.

ಬೆಳಗಿನ ಉಪಾಹಾರ ಅಂದು ವಿಚಿತ್ರವಾಗಿತ್ತು, ಏಕೆಂದರೆ ಅಡುಗೆ ಪೆಟ್ಟಿಗೆಯಲ್ಲಿ ಉಳಿದದ್ದನ್ನೆಲ್ಲ ಮುಗಿಸಬೇಕಿತ್ತು. ಜಿಂಬಾಬ್ವೆಯ ಬುಲವಾಯೊ ಊರಿನವರಾದ ನಮ್ಮ ಅಡುಗೆಯವರು ಒಡೆದ ಡಬ್ಬಿಗಳನ್ನು ಸಾಲಾಗಿ ಮೇಜಿನ ಮೇಲಿಟ್ಟು, ಸೀಲು ಒಡೆಯದ ಡಬ್ಬಿಗಳನ್ನು ಮುಂದಿನ ಗುಂಪಿಗೆಂದು ಬೇರೆ ಮಾಡಿದರು. ಒಡೆದವುಗಳ ನಡುವೆ ತಾಂಜಾನಿಯಾದ ಅರೂಶಾದಲ್ಲಿ ಕೊಂಡ ರಾಗಿ ಹಿಟ್ಟಿನ ಪೊಟ್ಟಣವೂ ಇತ್ತು. ಪೂರ್ವ ಆಫ್ರಿಕಾದಲ್ಲಿ ಅದರಿಂದ ಊಜಿ ಎಂಬ ಗಂಜಿ ಕಾಯಿಸುತ್ತಾರೆ. ರಾಗಿಯನ್ನು ಮೊದಲು ಬೇಸಾಯಕ್ಕೆ ತಂದದ್ದು ಪೂರ್ವ ಆಫ್ರಿಕಾದ ಎತ್ತರದ ಪ್ರದೇಶಗಳಲ್ಲಿ, ಅಲ್ಲಿಂದಲೇ ಅದು ಬಹು ಹಿಂದೆ ನಮ್ಮ ನೆಲಕ್ಕೆ ಬಂದದ್ದು ಎಂಬ ಸಂಗತಿಯನ್ನು, ನನ್ನ ಜೊತೆ ಬಂದಿದ್ದ ಅಕ್ಕ ಪ್ರವಾಸದ ಮೊದಲ ವಾರದಲ್ಲೇ ಎಲ್ಲರಿಗೂ ತಿಳಿಸಿದ್ದಳು. ಕೊನೆಯ ಬೆಳಿಗ್ಗೆ ಅವಳೇ ಒಲೆಯ ಮುಂದೆ ನಿಂತು ಗಂಟಾಗದಂತೆ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ನೀರಿಗೆ ಬಿಟ್ಟು, ಉಪ್ಪು ಹಾಕಿ ತಿರುವಿದಳು. ಅದನ್ನು ಕುಡಿಯುತ್ತ ನನ್ನ ಮಲೇರಿಯಾ ಮಾತ್ರೆಯನ್ನೂ ನುಂಗಿದೆ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರು ಮಲೇರಿಯಾ ಪ್ರದೇಶವನ್ನು ಬಿಟ್ಟ ಮೇಲೂ 4 ವಾರ ಬಿಡದೆ ನುಂಗಬೇಕು. ಕೇಪ್ ಕಡೆ ಮಲೇರಿಯಾ ಇಲ್ಲವೆಂದು ಗುಂಪಿನಲ್ಲಿ ಹಲವರು ಆಗಲೇ ನಿಲ್ಲಿಸಿಬಿಟ್ಟಿದ್ದರು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಹೊರಟಾಗ ಬಿಸಿಲೇರಿತ್ತು. ಸಿಟ್ರಸ್‌ಡಾಲ್‌ನಿಂದ ಕೇಪ್‌ಟೌನ್‌ಗೆ ಎನ್7 ಹೆದ್ದಾರಿಯಲ್ಲಿ ಸುಮಾರು 170 ಕಿಲೋಮೀಟರ್. ಕಣಿವೆಯಿಂದ ಪಿಕೆನಿಯರ್ಸ್‌ಕ್ಲೂಫ್ ಘಟ್ಟವನ್ನು ಏರಿ ಆ ಬದಿಗೆ ಇಳಿದರೆ ಕಣ್ಣಿಗೆ ಬೀಳುವುದು ಸ್ವಾರ್ಟ್‌ಲ್ಯಾಂಡಿನ ಬಯಲು. ಗೋಧಿ ಹಸಿರಾಗಿ ನಿಂತಿತ್ತು, ನಡುನಡುವೆ ಕನೋಲಾ ಹಳದಿಯಾಗಿ ಅರಳಿತ್ತು. ನಮೀಬಿಯಾದ ಒಣ ನೆಲದಲ್ಲಿ ದಿನಗಟ್ಟಲೆ ಬಂದವರಿಗೆ ಆ ಬಣ್ಣಗಳೇ ಸಾಕಾಗಿದ್ದವು. ಪಿಕೆಟ್‌ಬರ್ಗ್, ಮೂರೀಸ್‌ಬರ್ಗ್, ಮಾಮ್ಸ್‌ಬರಿ ಒಂದಾದ ಮೇಲೊಂದು ಹಿಂದೆ ಸರಿದವು. ಮಾಮ್ಸ್‌ಬರಿ ಕಳೆದ ಮೇಲೆ ಚಾಲಕರು ಹಾರ್ನ್ ಒತ್ತಿದರು: ದೂರದಲ್ಲಿ ನೀಲಿಯಾಗಿ, ಮೇಲ್ಭಾಗ ಚಪ್ಪಟೆಯಾದ ಟೇಬಲ್ ಮೌಂಟನ್. ಅದರ ಎತ್ತರ 1,086 ಮೀಟರ್; ನಮ್ಮ ಮುಳ್ಳಯ್ಯನಗಿರಿಗಿಂತ ಬಹಳ ಕಡಿಮೆ. ಆದರೆ ಸಮುದ್ರದ ಅಂಚಿನಿಂದಲೇ ನೇರವಾಗಿ ಎದ್ದು ನಿಂತಿರುವುದರಿಂದ ಅಷ್ಟು ದೂರಕ್ಕೂ ಕಾಣಿಸುತ್ತದೆ.

ಈ ನೋಟಗಳನ್ನು ಅಕ್ಕ ಹೆಚ್ಚು ನೋಡಲಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾದವಳೆಂದು ತಿಳಿದ ದಿನದಿಂದಲೇ ಗುಂಪು ಅವಳಿಗೆ ಸಾಮೂಹಿಕ ಹುಂಡಿಯ ಲೆಕ್ಕವನ್ನು ಒಪ್ಪಿಸಿತ್ತು. ಪ್ರವಾಸ ಶುಲ್ಕದಲ್ಲಿ ಸೇರದ ಕುಡಿಯುವ ನೀರಿನ ಕ್ಯಾನು, ಸೌದೆ, ಮಂಜುಗಡ್ಡೆ, ತಂಪು ಪಾನೀಯ ಇತ್ಯಾದಿಗಳಿಗಾಗಿ ಎಲ್ಲರೂ ಹಾಕಿದ ಹಣವದು. ಪೆಟ್ಟಿಗೆಯಿಂದ ಪಾನೀಯ ತೆಗೆದವರು ಮುಚ್ಚಳಕ್ಕೆ ಅಂಟಿಸಿದ ಹಾಳೆಯಲ್ಲಿ ತಮ್ಮ ಹೆಸರಿನ ಮುಂದೆ ಗೆರೆ ಎಳೆಯಬೇಕಿತ್ತು. ಆ ಹಾಳೆಗಳನ್ನೆಲ್ಲ ತೊಡೆಯ ಮೇಲೆ ಹರಡಿಕೊಂಡು, ಕುಲುಕುವ ಟ್ರಕ್ಕಿನಲ್ಲಿ, ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಮರಳಬೇಕು ಎಂದು ಅವಳು ಬರೆದುಮುಗಿಸಿದಳು. ಲೆಕ್ಕ ಜಟಿಲವಾದದ್ದು ಮೊತ್ತದಿಂದಲ್ಲ, ನಾಣ್ಯಗಳಿಂದ. ಹುಂಡಿಯ ಚೀಲದಲ್ಲಿ ಕೆನ್ಯಾ ಮತ್ತು ತಾಂಜಾನಿಯಾಗಳ ಶಿಲಿಂಗು, ಮಲಾವಿಯ ಕ್ವಾಚಾ, ಜಾಂಬಿಯಾದ ಕ್ವಾಚಾ, ಬೋಟ್ಸ್ವಾನಾದ ಪೂಲಾ, ನಮೀಬಿಯಾ ಡಾಲರು, ರ್‍ಯಾಂಡು, ಅಮೆರಿಕದ ಡಾಲರು ಎಲ್ಲವೂ ಇದ್ದವು.

‘ಅಕ್ಕಾ, ಈ ಮಲಾವಿ ನೋಟುಗಳನ್ನು ಕೇಪ್‌ಟೌನ್‌ನಲ್ಲಿ ಯಾರು ತಗೋತಾರೆ?’ ಎಂದು ಕೇಳಿದೆ.

‘ಯಾರೂ ತಗೊಳ್ಳಲ್ಲ. ಆದರೆ ಈ ಟ್ರಕ್ಕು ಅದೇ ದಾರೀಲಿ ವಾಪಸ್ ಹೋಗುತ್ತಲ್ಲ, ಮ್ಜೇ ಹತ್ರ ಕೊಟ್ಟರೆ ಅವರಿಗೆ ಅಲ್ಲಿ ಖರ್ಚಿಗೆ ಬರುತ್ತೆ. ಅಷ್ಟು ಡಾಲರ್ ನಾವು ಕೈಯಿಂದ ಹುಂಡಿಗೆ ಹಾಕಿದರಾಯ್ತು’ ಎಂದಳು.

ಮ್ಜೇ ಎಂದರೆ ನಮ್ಮ ಚಾಲಕರು. ಕೆನ್ಯಾದ ನಕೂರು ಕಡೆಯವರು, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು; ಸ್ವಾಹಿಲಿ ಆಡುವವರು ಹಿರಿಯರನ್ನು ಕರೆಯುವಂತೆ ನಾವೂ ಕರೆಯುತ್ತಿದ್ದೆವು. ನಮೀಬಿಯಾ ಡಾಲರಿನ ವಿಷಯದಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಅದರ ಬೆಲೆ ರ್‍ಯಾಂಡಿಗೆ ಸರಿಸಮ, ರ್‍ಯಾಂಡು ನಮೀಬಿಯಾದಲ್ಲಿ ಎಲ್ಲೆಡೆ ನಡೆಯುತ್ತದೆ. ಆದರೆ ನಮೀಬಿಯಾ ಡಾಲರನ್ನು ದಕ್ಷಿಣ ಆಫ್ರಿಕಾದ ಅಂಗಡಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆರೆಂಜ್ ನದಿಯ ಗಡಿಯನ್ನು ದಾಟುವ ಮೊದಲೇ, ನೂರ್ಡೂವರ್‌ನಲ್ಲಿ ಇಂಧನಕ್ಕೋ ದಿನಸಿಗೋ ಅದನ್ನು ಖರ್ಚು ಮಾಡಿಬಿಡುವುದು ಜಾಣತನ.

ಲೆಕ್ಕ ಮುಗಿದ ಮೇಲೆ ಸಿಬ್ಬಂದಿಯ ಭಕ್ಷೀಸಿನ ವಿಷಯ ಬಂತು. ಇದರ ಬಗ್ಗೆ ಗುಂಪಿನಲ್ಲಿ ಒಮ್ಮತವಿರಲಿಲ್ಲ. ಶುಲ್ಕದಲ್ಲಿಯೇ ಎಲ್ಲವೂ ಸೇರಿರಬೇಕು ಎಂದವರಿದ್ದರು, ಮಾರ್ಗದರ್ಶಕರಿಗೆ ಹೆಚ್ಚು ಕೊಡೋಣ ಎಂದವರಿದ್ದರು. ನನ್ನ ನಿಲುವು ಸ್ಪಷ್ಟವಾಗಿತ್ತು: ಮೂವರಿಗೂ ಸಮನಾಗಿ, ಮೂರು ಲಕೋಟೆಗಳಲ್ಲಿ, ಅಮೆರಿಕದ ಡಾಲರಿನಲ್ಲೇ ಕೊಡಬೇಕು. ಮಾರ್ಗದರ್ಶಕರು ಎಲ್ಲರ ಎದುರು ನಿಂತು ಮಾತನಾಡುವವರು, ಹಾಗಾಗಿ ಎಲ್ಲರ ಕಣ್ಣಿಗೂ ಬೀಳುತ್ತಾರೆ. ನಾವು ನಿದ್ದೆಯಿಂದ ಏಳುವ ಮೊದಲೇ ನೀರು ಕಾಯಿಸಿಟ್ಟಿರುತ್ತಿದ್ದ ಅಡುಗೆಯವರು, ಎಲ್ಲರೂ ಮಲಗಿದ ಮೇಲೆ ಚಕ್ರದ ಬೋಲ್ಟುಗಳನ್ನು ಒಂದೊಂದಾಗಿ ತಟ್ಟಿ ನೋಡುತ್ತಿದ್ದ ಮ್ಜೇ, ಇವರು ಹಾಗೆ ಬೀಳುವುದಿಲ್ಲ. ನೋಟುಗಳೂ ಹೊಸದಾಗಿರಬೇಕು, ಹಳೆಯ ವರ್ಷಗಳ ಡಾಲರು ನೋಟುಗಳನ್ನು ಪೂರ್ವ ಆಫ್ರಿಕಾದ ಹಲವು ಕಡೆ ತೆಗೆದುಕೊಳ್ಳುವುದಿಲ್ಲ. ಕೊನೆಗೆ ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯದಂತೆ ಒಂದೇ ಚೀಲವನ್ನು ಆಸನದಿಂದ ಆಸನಕ್ಕೆ ದಾಟಿಸಿ, ಒಟ್ಟು ಮೊತ್ತವನ್ನು ಮೂರು ಪಾಲು ಮಾಡುವುದೆಂದಾಯಿತು. ಚೀಲ ಹಿಂದಿರುಗಿದಾಗ ಅದರಲ್ಲಿದ್ದ ಮೊತ್ತ ಎಲ್ಲರ ನಿರೀಕ್ಷೆಯನ್ನು ಮೀರಿತ್ತು.

ಬ್ಲೂಬರ್ಗ್ ಕಡಲತೀರದಲ್ಲಿ ಟ್ರಕ್ಕು ನಿಂತಿತು. ಕೊಲ್ಲಿಯ ಆಚೆ ಬೆಟ್ಟ ಇಡಿಯಾಗಿ ಕಾಣುವ ಜಾಗವದು. ಉತ್ತರದಿಂದ ಬರುವ ಗುಂಪುಗಳು ಇಲ್ಲಿಯೇ ಕೊನೆಯ ಚಿತ್ರ ತೆಗೆಸಿಕೊಳ್ಳುತ್ತವೆ. ನಾವೂ ತೆಗೆಸಿಕೊಂಡೆವು. ನನಗೆ ನೆನಪಿರುವುದು ಅದಲ್ಲ. ಬಲಗಡೆ ಸಮುದ್ರದಲ್ಲಿ ತಗ್ಗಾಗಿ, ಗೆರೆ ಎಳೆದಂತೆ ರಾಬೆನ್ ದ್ವೀಪ ಕಾಣುತ್ತಿತ್ತು. ನೆಲ್ಸನ್ ಮಂಡೇಲಾ ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷಗಳನ್ನು ಕಳೆದದ್ದು ಅಲ್ಲಿಯೇ. ಮ್ಜೇ ಬಂಪರಿಗೆ ಒರಗಿ ಅದನ್ನೇ ನೋಡುತ್ತಿದ್ದರು. ಒಳಗೆ ಹೋಗಿ ನೋಡಿದ್ದೀರಾ ಎಂದು ಅಕ್ಕ ಕೇಳಿದಳು. ‘ಇಲ್ಲಮ್ಮ. ಪ್ರತಿ ಸಲವೂ ಇಲ್ಲಿಂದ ನೋಡುತ್ತೇನೆ. ತಲುಪಿದ ಮರುದಿನ ತೊಳೆಯುವುದು, ಅದರ ಮರುದಿನ ರಿಪೇರಿ, ಆಮೇಲೆ ಹೊಸ ಗುಂಪು. ದೋಣಿಗೆ ಅರ್ಧ ದಿನ ಬೇಕಾಗುತ್ತದೆ’ ಎಂದರು. ತಮಗೆ ಸಿಗದ ಯಾವುದೋ ಸೌಕರ್ಯದ ಬಗ್ಗೆ ಗೊಣಗುವ ಧ್ವನಿ ಅದಾಗಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ಅಕ್ಕ ಟ್ರಕ್ಕಿನೊಳಗೆ ಬಂದು ಹೇಳಿದ್ದನ್ನು ಎಲ್ಲರೂ ಒಪ್ಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ನಗರ ಮುಟ್ಟಿದ ಕೂಡಲೇ ಹೋಟೆಲಿಗೆ ಹೋಗುವುದಿಲ್ಲ; ಎಲ್ಲರೂ ಸೀದಾ ಟ್ರಕ್ಕು ನಿಲ್ಲಿಸುವ ಅಂಗಳಕ್ಕೆ ಹೋಗಿ, ಮರುದಿನದ ತೊಳೆಯುವ ಕೆಲಸವನ್ನು ಅಂದೇ ಮುಗಿಸುವುದು; ಹುಂಡಿಯಲ್ಲಿ ಉಳಿದ ಹಣದಿಂದ ಮೂವರಿಗೂ ದ್ವೀಪದ ದೋಣಿಗೆ ಟಿಕೆಟ್ ಕೊಳ್ಳುವುದು. ಆ ಸಂಜೆಯೇ ವಿಮಾನವಿದ್ದ ನಾಲ್ಕಾರು ಮಂದಿ ಮಾತ್ರ ಬರಲಾಗಲಿಲ್ಲ. ಅವರು ಹಲ್ಲು ಕಚ್ಚಿಕೊಂಡು ಬೀಳ್ಕೊಂಡದ್ದನ್ನು ನೋಡಿದವನಾಗಿ ಹೇಳುತ್ತೇನೆ: ಕೊನೆಯ ದಿನ ಸಂಜೆಗೆ ಯಾರೂ ವಿಮಾನ ಕಾಯ್ದಿರಿಸಬಾರದು, ಕನಿಷ್ಠ ಎರಡು ರಾತ್ರಿ ಕೇಪ್‌ಟೌನ್‌ನಲ್ಲಿ ಉಳಿಯುವಂತೆ ಯೋಜಿಸಬೇಕು.

ಅಂಗಳದಲ್ಲಿ ಕೆಲಸ ಹಂಚಿಕೊಂಡೆವು. ಪೈಪು ಹಿಡಿದು ತೊಳೆಯುವ ಪದ್ಧತಿ ಅಲ್ಲಿರಲಿಲ್ಲ, ಬಕೆಟ್ಟು ಮತ್ತು ಬಟ್ಟೆ ಮಾತ್ರ. 2018ರ ಬರಗಾಲದಲ್ಲಿ ಈ ನಗರದ ಪ್ರತಿಯೊಬ್ಬರಿಗೂ ದಿನಕ್ಕೆ 50 ಲೀಟರ್ ನೀರೆಂದು ಮಿತಿ ಹಾಕಲಾಗಿತ್ತು, ಅಂದಿನ ಶಿಸ್ತನ್ನು ಆ ಅಂಗಳದವರು ಬಿಟ್ಟಿರಲಿಲ್ಲ. ಬೆಂಗಳೂರಿನ ಬೇಸಿಗೆ ಕಂಡ ನಮಗಿಬ್ಬರಿಗೆ ಇದು ಹೊಸದೇನೂ ಆಗಿರಲಿಲ್ಲ. ಒಂದು ತಂಡ ಆಸನಗಳ ಕೆಳಗೆ ಕೈಹಾಕಿ ಬಿದ್ದದ್ದನ್ನೆಲ್ಲ ಹೊರತೆಗೆಯಿತು: ಒಂಟಿ ಕಾಲುಚೀಲಗಳು, ಚಾರ್ಜರುಗಳು, ಜಾಂಜಿಬಾರಿನಲ್ಲಿ ಕಳೆದುಹೋಯಿತೆಂದು ಒಬ್ಬಾಕೆ ಅತ್ತಿದ್ದ ಬೆಳ್ಳಿಯ ಓಲೆ. ನನ್ನ ಪಾಲಿಗೆ ಕಿಟಕಿಗಳು ಬಂದವು. ಗಾಜು ಸರಿಯುವ ರಬ್ಬರಿನ ಸಂದಿಗಳಲ್ಲಿ ದಾರಿಯ ಧೂಳು ಗಟ್ಟಿಯಾಗಿ ಕೂತಿತ್ತು. ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದಾಗ ಮೊದಲು ಬಂದದ್ದು ನಮೀಬ್ ಮರುಭೂಮಿಯ ಕಬ್ಬಿಣದ ತುಕ್ಕಿನ ಬಣ್ಣದ ಮರಳು, ಅದರ ಕೆಳಗೆ ಎಟೋಶಾದ ದಾರಿಗಳ ಸುಣ್ಣದಂಥ ಬಿಳಿ ಪುಡಿ, ಇನ್ನೂ ಕೆಳಗೆ ಬೋಟ್ಸ್ವಾನಾದ ಬೂದು ಧೂಳು. ಬಂದ ದಾರಿ ಪದರಪದರವಾಗಿ ಅಲ್ಲಿತ್ತು. ಅಷ್ಟನ್ನೂ ಕೆರೆದು ತೆಗೆಯುವುದು ನಿಜಕ್ಕೂ ಮನಸ್ಸಿಗೆ ಕಷ್ಟವಾಯಿತು, ಆದರೂ ಪೂರ್ತಿ ತೆಗೆದೆ. ಆ ಧೂಳಿದ್ದರೆ ಗಾಜು ಮುಚ್ಚುವುದಿಲ್ಲ, ಮುಂದಿನವರು ಚಳಿಯಲ್ಲಿ ಕೂರಬೇಕಾಗುತ್ತದೆ.

ಅಡುಗೆಯವರ ದಾಸ್ತಾನು ಪರೀಕ್ಷೆ ಅತಿ ಕಟ್ಟುನಿಟ್ಟಾಗಿತ್ತು. ತಟ್ಟೆ, ಲೋಟ, ಚಮಚ, ಚಾಕು ಒಂದೊಂದನ್ನೂ ಕುದಿನೀರಿನಲ್ಲಿ ಅದ್ದಿಸಿ, ಎಣಿಸಿ, ಗಾಳಿಯಲ್ಲಿ ಬೀಸಿಸಿಯೇ ಪೆಟ್ಟಿಗೆಗೆ ಹಾಕಿಸಿದರು. ಕಡಿಮೆ ಬಿದ್ದ ಚಮಚಗಳ ಬೆಲೆಯನ್ನು ಹುಂಡಿಯಿಂದಲೇ ತುಂಬಿದೆವು. ಮ್ಜೇ ಅಷ್ಟರಲ್ಲಿ ಟ್ರಕ್ಕಿನಡಿ ಮಲಗಿ ಸ್ಪ್ರಿಂಗ್ ಪಟ್ಟಿಗಳನ್ನು ಪರೀಕ್ಷಿಸಿ, ರಿಪೇರಿಯ ಪಟ್ಟಿಯನ್ನು ಮೆಕ್ಯಾನಿಕ್ಕಿಗೆ ಕೊಟ್ಟು, ಗಡಿಗಳಲ್ಲಿ ವಾಹನಕ್ಕೆ ಬೇಕಾಗುವ ಕಾಗದಪತ್ರಗಳ ಕಟ್ಟನ್ನು ಕಚೇರಿಯಲ್ಲಿ ಒಪ್ಪಿಸಿ ಬಂದರು. ಮಲಾವಿ ಕ್ವಾಚಾದ ಲಕೋಟೆಯನ್ನು ಅಕ್ಕ ಅವರ ಕೈಗಿತ್ತಾಗ, ಎಣಿಸಿ, ರಸೀದಿ ಬರೆದುಕೊಡುವೆನೆಂದು ಪಟ್ಟು ಹಿಡಿದರು.

ಮಾರ್ಗದರ್ಶಕರು ಎಲ್ಲರನ್ನೂ ಕೂರಿಸಿ ಎರಡು ಮಾತು ನೆನಪಿಸಿದರು. ಮಲಾವಿ ಸರೋವರದಲ್ಲಿ ಈಜಿದವರು ಊರಿಗೆ ಹೋದ ಕೆಲವು ವಾರಗಳ ನಂತರ ಬಿಲ್‌ಹಾರ್ಜಿಯಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ನೀರಿನಲ್ಲಿರುವ ಆ ಪರೋಪಜೀವಿ ಚರ್ಮದ ಮೂಲಕವೇ ಒಳಹೋಗುತ್ತದೆ, ರೋಗದ ಲಕ್ಷಣ ತಡವಾಗಿ ಕಾಣಿಸಬಹುದು. ಹಳದಿ ಜ್ವರದ ಲಸಿಕೆಯ ಪುಸ್ತಿಕೆಯನ್ನು ಸೂಟ್‌ಕೇಸಿನಲ್ಲಿಡದೆ ಕೈಚೀಲದಲ್ಲಿಟ್ಟುಕೊಳ್ಳಬೇಕು. ಭಾರತೀಯರಾದ ನಮಗೆ ಎರಡನೆಯದು ಹೆಚ್ಚು ಅನ್ವಯಿಸುತ್ತದೆ. ಹಳದಿ ಜ್ವರವಿರುವ ದೇಶದಿಂದ 6 ದಿನಗಳೊಳಗೆ ಬಂದವರಲ್ಲಿ ಪ್ರಮಾಣಪತ್ರವಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣಗಳಲ್ಲಿ ಅವರನ್ನು ಪ್ರತ್ಯೇಕವಾಗಿ ಇರಿಸುತ್ತಾರೆ, ಮತ್ತು ನಾವು ಮರಳಬೇಕಾದದ್ದು ಅಂಥ ದೇಶಗಳಲ್ಲಿ ಒಂದಾದ ಇಥಿಯೋಪಿಯಾದ ಆಡಿಸ್ ಅಬಾಬದ ಮೂಲಕ. ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಆ ಪುಸ್ತಿಕೆಗೆ ಬೆಲೆ ಬರುತ್ತದೆಂಬುದನ್ನೂ ಹೊರಡುವವರು ನೆನಪಿಡಬೇಕು.

ರಾತ್ರಿಯ ಊಟ ಬೋ-ಕಾಪ್ ಬಡಾವಣೆಯಲ್ಲಿ. ಡಚ್ಚರು ಕೇಪಿಗೆ ಗುಲಾಮರನ್ನಾಗಿ ತಂದವರಲ್ಲಿ ಬಂಗಾಳ, ಮಲಬಾರ್, ಕೋರಮಂಡಲ ತೀರಗಳ ಜನರೂ ಬಹಳವಿದ್ದರು. ಅವರ ವಂಶಜರು ಸೇರಿರುವ ಇಂದಿನ ಕೇಪ್ ಮಲಯ ಸಮುದಾಯದ ಅಡುಗೆಯ ರೋಟಿ, ಸಮೋಸಾಗಳಲ್ಲಿ ಆ ಗುರುತು ಉಳಿದಿದೆ. ಊಟವಾದ ಮೇಲೆ ಅಕ್ಕ ಹುಂಡಿಯ ಲೆಕ್ಕವನ್ನು ಎದ್ದು ನಿಂತು ಓದಿದಳು, ಎಲ್ಲರೂ ಸಹಿ ಹಾಕಿದರು. ಲಕೋಟೆಗಳನ್ನು ಮೂವರಿಗೂ ಅವರ ಊರಿನ ಹೆಸರು ಹೇಳಿ, ಎರಡೂ ಕೈಗಳಿಂದ ಕೊಟ್ಟೆವು. ನಕೂರು ಎಂದಾಗ ಮ್ಜೇ ತಲೆಬಾಗಿ, ಎಡಗೈಯನ್ನು ಬಲ ಮುಂಗೈಗೆ ಆನಿಸಿ ಸ್ವೀಕರಿಸಿದರು. ಲಕೋಟೆಯೊಳಗಿದ್ದ ದೋಣಿಯ ಟಿಕೆಟ್ಟನ್ನು ಮೊದಲು ಕಂಡವರು ಅಡುಗೆಯವರು. ನಾಳೆ ತೊಳೆಯುವ ಕೆಲಸವಿದೆಯಲ್ಲ ಎಂದು ಮ್ಜೇ ಅಭ್ಯಾಸಬಲದಿಂದ ಹೇಳಿದಾಗ, ಮಾರ್ಗದರ್ಶಕರು ನಗುತ್ತ ಕೆಲಸದ ಪುಸ್ತಕವನ್ನು ತೆರೆದು, ಆ ಸಾಲಿನ ಮುಂದೆ ಹಾಕಿದ್ದ ಗುರುತನ್ನು ತೋರಿಸಿದರು. ಮರುದಿನ ಬೆಳಿಗ್ಗೆ ವಾಟರ್‌ಫ್ರಂಟಿನ ಧಕ್ಕೆಯಿಂದ ಹೊರಟ ದೋಣಿಯಲ್ಲಿ ಆ ಮೂವರ ಜೊತೆ ಅಕ್ಕನೂ ನಾನೂ ಇದ್ದೆವು. ಹೊಸ ಗುಂಪಿನೊಂದಿಗೆ ಟ್ರಕ್ಕು ಉತ್ತರಕ್ಕೆ ಹೊರಟದ್ದು ಗೊತ್ತಾದ ದಿನದಂದೇ, ಒಂದು ಗಂಟೆಯೂ ತಡವಾಗದೆ.